ಬ್ಯಾಕ್ಟೀರಿಯಾಗಳ ಎಲೆಗೆ ಬಡಿಸುವುದೇನನ್ನು?

ಸೂಕ್ಷ್ಮಜೀವಿಗಳ ದುಡಿಮೆ ಮಲೆನಾಡಿಗೆ ಹೊಸತಲ್ಲ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಅವು ಸಗಣಿಯನ್ನುಂಡು ಒಲೆಗೆ ಉರಿ ಕೊಡುತ್ತವೆ. ಉಳಿದ ಬಗ್ಗಡ ತೋಟಕ್ಕೆ ಗೊಬ್ಬರವಾಗುತ್ತದೆ. ಇದೇ ಬಗೆಯ ಜೀವಿಗಳಿಂದ ದ್ರಾವಕ, ಪ್ಲಾಸ್ಟಿಕ್, ನೂಲುಗಳ ಮೂಲವಸ್ತುಗಳನ್ನು ತಯಾರಿಸಿ ಪೆಟ್ರೋಲಿಯಂನ ಹಂಗು ಕಳೆದುಕೊಳ್ಳಬಹುದೆಂದು ಉದ್ಯಮಗಳು ಸಾರುತ್ತಿವೆ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ಬಯೋ-ಇ3 ನೀತಿಯೂ ಜೈವಿಕ ರಾಸಾಯನಿಕಗಳಿಗೆ ಮಣೆ ಹಾಕಿದೆ. ಸಂತೋಷವೇ. ಆದರೆ ಈ ಜೀವಿಗಳ ಎಲೆಗೆ ಬಡಿಸುವುದೇನನ್ನು ಎಂಬುದನ್ನು ಮಾತ್ರ ಯಾವ ಜಾಹೀರಾತೂ ಗಟ್ಟಿಯಾಗಿ ಹೇಳುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿನ ತಯಾರಿಕೆಗೆ ಬ್ರಿಟನ್ನಿಗೆ ಅಸಿಟೋನ್ ಬೇಕಾಯಿತು. ರಸಾಯನಶಾಸ್ತ್ರಜ್ಞ ವೈಜ್‌ಮನ್ ಗುರುತಿಸಿದ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಪಿಷ್ಟವನ್ನು ಅಸಿಟೋನ್, ಬ್ಯುಟನಾಲ್‌ಗಳಾಗಿ ಮಾರ್ಪಡಿಸಿತು. ಅದಕ್ಕೆ ಉಣಿಸಿದ್ದು ಮೆಕ್ಕೆಜೋಳ. ಜರ್ಮನ್ ಜಲಾಂತರ್ಗಾಮಿಗಳ ದಾಳಿಯಿಂದ ಧಾನ್ಯಕ್ಕೆ ತತ್ವಾರವಾದಾಗ, 1917ರಲ್ಲಿ ಶಾಲಾಮಕ್ಕಳಿಂದ ಹಾರ್ಸ್ ಚೆಸ್ಟ್‌ನಟ್ ಕಾಯಿಗಳನ್ನು ಆರಿಸಿ ತರಿಸಲಾಯಿತು. ಎಷ್ಟೋ ರಾಶಿಗಳು ರೈಲು ನಿಲ್ದಾಣಗಳಲ್ಲೇ ಕೊಳೆತವು. ಊಟಕ್ಕೂ ಕಾರ್ಖಾನೆಗೂ ಒಂದೇ ಕಣಜವಾದರೆ ಏನಾಗುವುದೆಂಬುದು ಅಂದೇ ತಿಳಿದಿತ್ತು.

ಲೆಕ್ಕವೂ ಕಠಿಣವಾಗಿದೆ. ನೂರು ಕಿಲೋ ಗ್ಲೂಕೋಸಿನಿಂದ ಹೆಚ್ಚೆಂದರೆ 41 ಕಿಲೋ ಬ್ಯುಟನಾಲ್ ದೊರೆತೀತು. 49 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಅದು ಗಾಳಿಯಿಂದಲೇ ಬೆಳೆ ಹೀರಿದ ಇಂಗಾಲವೆಂಬ ಸಮರ್ಥನೆ ಸರಿಯೇ. ಆದರೆ ಆ ಬೆಳೆಗೆ ಸುರಿದ ಯೂರಿಯಾ? ಅದು ನೈಸರ್ಗಿಕ ಅನಿಲದ ಕೂಸು. ಪೆಟ್ರೋಲು ಬೆರಕೆಯ ಎಥನಾಲಿಗೆ (ಅದು ಯೀಸ್ಟಿನ ಕೆಲಸ) ಮೆಕ್ಕೆಜೋಳ ಹರಿದ ಫಲವಾಗಿ, ಅದನ್ನು ರಫ್ತು ಮಾಡುತ್ತಿದ್ದ ಭಾರತ 2024ರಲ್ಲಿ ಆಮದಿಗೆ ಕೈಯೊಡ್ಡಿತು. ಹಾವೇರಿ, ದಾವಣಗೆರೆ, ಶಿವಮೊಗ್ಗದ ಬೆಳೆಗಾರರಿಗೆ ಕೊಳ್ಳುವವರು ಬೇಕೆಂಬುದು ನಿಜ. ಬೇಡಿಕೆ ಹೊಲ ಮೀರಿ ಬೆಳೆದಾಗ ಮೊದಲು ಕಣ್ಣಿಗೆ ಬೀಳುವುದು ಗೋಮಾಳ, ಆಮೇಲೆ ಸೊಪ್ಪಿನಬೆಟ್ಟ ಎಂಬುದೂ ಅಷ್ಟೇ ನಿಜ.

ಬೇರೆ ದಾರಿ ಇಲ್ಲವೆಂದಲ್ಲ. ಚೀನಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ 2018ರಿಂದ ಕ್ಲಾಸ್ಟ್ರಿಡಿಯಂ ಕುಲದ್ದೇ ಇನ್ನೊಂದು ಬ್ಯಾಕ್ಟೀರಿಯಾ ಕುಲುಮೆಯ ತ್ಯಾಜ್ಯ ಅನಿಲವನ್ನುಂಡು ಎಥನಾಲ್ ತಯಾರಿಸತೊಡಗಿತು. ಅದರ ಮಾರ್ಪಡಿಸಿದ ತಳಿಗಳು ಅನಿಲದಿಂದಲೇ ಅಸಿಟೋನ್ ನೀಡಬಲ್ಲವೆಂದು ವಿಜ್ಞಾನಿಗಳು 2022ರಲ್ಲಿ ತೋರಿಸಿದರು. ಕುಲುಮೆಯಲ್ಲಿ ಉರಿಯುವುದು ಕಲ್ಲಿದ್ದಲೇ ಆದ್ದರಿಂದ ಇದನ್ನು ಹಸಿರೆನ್ನಲು ನಾಲಿಗೆ ಹೊರಳದು. ಆದರೂ ಇದು ಯಾರ ಹೊಲವನ್ನೂ ಕೇಳುವುದಿಲ್ಲ.

ಇಂಥ ಕಾರ್ಖಾನೆಗೆ ಅನುಮತಿ ಕೇಳುವವರು ಏನನ್ನು ಉಣಿಸುತ್ತಾರೆ, ವರ್ಷಕ್ಕೆ ಎಷ್ಟು ಟನ್, ಯಾವ ನೆಲದಿಂದ, ಯಾವ ಹೊಳೆಯ ನೀರಿನಿಂದ ಎಂಬುದನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಬರೆದುಕೊಡಲಿ. ಅಲ್ಲಿಯವರೆಗೆ ‘ಹಸಿರು’ ಎಂಬ ಚೀಟಿಯನ್ನು ಅಂಟಿಸಲು ಅವರಿಗೆ ಹಕ್ಕಿಲ್ಲ.