ಓಡುವ ಯಂತ್ರವನ್ನು ನಿಲ್ಲಿಸದೆ ನೋಡಬೇಕು

ಯಂತ್ರವೊಂದು ಬಿಡುವಿಲ್ಲದೆ ತಿರುಗುತ್ತಿದೆಯೆಂದ ಮಾತ್ರಕ್ಕೆ ಅದರಿಂದ ಕೆಲಸವಾಗುತ್ತಿದೆಯೆಂದು ಹೇಳಲಾಗದು. ಕಾಳಿಲ್ಲದ ಬೀಸುವ ಕಲ್ಲಿಗೆ ಸದ್ದೇ ಹೆಚ್ಚು. ಜಾಲತಾಣಗಳನ್ನು ಜನರಿಗೆ ಒದಗಿಸುವ ಸರ್ವರ್‌ಗಳ ವಿಷಯವೂ ಹೀಗೆಯೇ. ಪ್ರೊಸೆಸರ್ ಶೇಕಡಾ ನೂರರಷ್ಟು ಕಾರ್ಯನಿರತವಾಗಿದೆಯೆಂದು ಫಲಕವು ತೋರಿಸಿದಾಗ, ಆ ಅಂಕಿಯು ಯಂತ್ರಕ್ಕೆ ಪುರಸತ್ತಿಲ್ಲವೆಂಬುದನ್ನು ಹೇಳುತ್ತದೆಯೇ ಹೊರತು, ಯಾವ ಕೆಲಸದಿಂದ ಪುರಸತ್ತಿಲ್ಲವೆಂಬುದನ್ನು ಹೇಳುವುದಿಲ್ಲ.

ಇಂತಹ ಹೊತ್ತಿನಲ್ಲಿ ಮೇಲ್ವಿಚಾರಕರ ಕೈ ಮೊದಲು ಚಾಚುವುದು ಯಂತ್ರವನ್ನು ನಿಲ್ಲಿಸಿ ಪುನಃ ಚಾಲೂ ಮಾಡುವುದಕ್ಕೆ. ಅದೂ ಸಾಲದಿದ್ದರೆ ಇನ್ನಷ್ಟು ಯಂತ್ರಗಳನ್ನು ಕೂಡಿಸುವುದಕ್ಕೆ. ಈ ಎರಡು ಅಭ್ಯಾಸಗಳನ್ನೂ ನಾವು ಒಪ್ಪಲಾರೆವು. ನಿಲ್ಲಿಸಿದ ಕ್ಷಣದಲ್ಲಿಯೇ ಯಂತ್ರದ ಸ್ಮೃತಿಯಲ್ಲಿದ್ದ ಸಾಕ್ಷ್ಯವೆಲ್ಲವೂ ಅಳಿದುಹೋಗುತ್ತದೆ. ಯಂತ್ರಗಳನ್ನು ಹೆಚ್ಚಿಸುವುದರಿಂದ ಏನಾದೀತೆಂಬುದಕ್ಕೆ ಒಂದು ನಿಜ ಪ್ರಸಂಗವನ್ನೇ ನೋಡಬಹುದು.

2016ನೆಯ ಇಸವಿ ಜುಲೈ 20ರಂದು, ಪ್ರೋಗ್ರಾಮು ಬರೆಯುವವರೆಲ್ಲರೂ ಬಲ್ಲ ಸ್ಟಾಕ್ ಓವರ್‌ಫ್ಲೋ ತಾಣವು 34 ನಿಮಿಷಗಳ ಕಾಲ ಸ್ತಬ್ಧವಾಯಿತು. ಯಾರೋ ಬರೆದ ಬರೆಹವೊಂದರಲ್ಲಿ ಸುಮಾರು 20,000 ಖಾಲಿ ಜಾಗಗಳು ಒಂದರ ಹಿಂದೊಂದು ಬಂದಿದ್ದುವು. ಸಾಲಿನ ತುದಿಯ ಖಾಲಿ ಜಾಗವನ್ನು ಕತ್ತರಿಸಲೆಂದು ಇಟ್ಟಿದ್ದ ಹುಡುಕುವ ಸೂತ್ರವು ಮೊದಲನೆಯ ಜಾಗದಿಂದ ಎಣಿಸುತ್ತ ಹೋಗಿ, ಕೊನೆಯಲ್ಲಿ ಬೇರೊಂದು ಅಕ್ಷರವನ್ನು ಕಂಡು ಸೋತು, ಎರಡನೆಯದರಿಂದ ಮತ್ತೆ ಎಣಿಸುತ್ತಿತ್ತು, ಅನಂತರ ಮೂರನೆಯದರಿಂದ. ಹೀಗೆ ಒಟ್ಟು ಸುಮಾರು 20 ಕೋಟಿ ಹೋಲಿಕೆಗಳು! ಬರೆಹವು ಮುಖಪುಟದ ಪಟ್ಟಿಯಲ್ಲಿದ್ದುದರಿಂದ, ಆ ಪುಟವನ್ನು ಯಾರು ತೆರೆದರೂ ಇದೇ ಎಣಿಕೆ. ಸರ್ವರ್‌ಗಳಿಗೆ ಕೆಲಸ ಹಂಚುವ ಯಂತ್ರವಾದರೋ ಅವುಗಳ ಆರೋಗ್ಯವನ್ನು ಅದೇ ಮುಖಪುಟದಿಂದ ಪರೀಕ್ಷಿಸುತ್ತಿತ್ತು. ಉತ್ತರ ಬಾರದಿರಲು ಅವನ್ನೆಲ್ಲ ಕೆಟ್ಟವೆಂದು ಬದಿಗೆ ಸರಿಸಿಬಿಟ್ಟಿತು. ಇಲ್ಲಿ ಯಂತ್ರಗಳನ್ನು ಇಮ್ಮಡಿಸಿದ್ದರೆ, ಇಮ್ಮಡಿ ಯಂತ್ರಗಳು ಕುಳಿತು ಖಾಲಿ ಜಾಗವನ್ನು ಎಣಿಸುತ್ತಿದ್ದುವು, ಅಷ್ಟೆ. ಕಾರಣವನ್ನು ಕಂಡುಹಿಡಿಯಲು ಅವರಿಗೆ ಹಿಡಿದದ್ದು 10 ನಿಮಿಷ; ಉಳಿದ ವೇಳೆ ತಿದ್ದುವುದಕ್ಕೂ ತಿದ್ದಿದ್ದನ್ನು ಎಲ್ಲ ಕಡೆಗೂ ಕಳುಹಿಸುವುದಕ್ಕೂ ಹೋಯಿತು.

ಹಾಗಾದರೆ ಓಡುತ್ತಿರುವ ಯಂತ್ರವನ್ನು ನೋಡುವ ಬಗೆ ಯಾವುದು? ಯಾವ ಪ್ರೋಗ್ರಾಮು ಹೊತ್ತನ್ನು ನುಂಗುತ್ತಿದೆಯೆಂಬುದನ್ನು ಲಿನಕ್ಸ್ ವ್ಯವಸ್ಥೆಯಲ್ಲಿ ‘ಟಾಪ್’ ಎಂಬ ಆಜ್ಞೆಯೇ ತೋರಿಸುತ್ತದೆ. (ಅಲ್ಲಿಯೇ ಕಾಣುವ ‘ಲೋಡ್’ ಎಂಬ ಅಂಕಿಯನ್ನು ನಂಬಿ ಮೋಸಹೋದವರುಂಟು, ಡಿಸ್ಕಿಗಾಗಿ ಸುಮ್ಮನೆ ಕಾದು ಕುಳಿತ ಕೆಲಸಗಳೂ ಅದರ ಲೆಕ್ಕಕ್ಕೆ ಸೇರುತ್ತವೆ.) ಪ್ರೋಗ್ರಾಮು ತಿಳಿದ ಮೇಲೆ ಅದರೊಳಗೆ ಸೆಕೆಂಡಿಗೆ 99 ಸಲ ಇಣುಕಿ, ಆಯಾ ಕ್ಷಣದಲ್ಲಿ ಅದರ ಯಾವ ಭಾಗವು ಯಾವುದರ ಕರೆಯಿಂದ ನಡೆಯುತ್ತಿದೆಯೆಂಬುದನ್ನು ಬರೆದುಕೊಳ್ಳಬೇಕು. ನೂರು ಏಕಲ್ಲವೆಂದು ವಾಚಕರು ಕೇಳಬಹುದು. ಯಂತ್ರದೊಳಗೆ ನೂರರ ತಾಳಕ್ಕೆ ನಡೆಯುವ ಕೆಲಸಗಳಿದ್ದರೆ ನಮ್ಮ ನೋಟವು ಅವುಗಳೊಡನೆ ಹೆಜ್ಜೆ ಕೂಡಿ ಲೆಕ್ಕವು ತಪ್ಪೀತು. ಅರ್ಧ ನಿಮಿಷದ ಇಂತಹ ನೋಟದಲ್ಲಿ, ಹೆಚ್ಚು ಹೊತ್ತು ತಿನ್ನುವ ಭಾಗವು ಹೆಚ್ಚು ಸಲ ಕಣ್ಣಿಗೆ ಬೀಳಲೇಬೇಕಷ್ಟೆ. ಬ್ರೆಂಡನ್ ಗ್ರೆಗ್ ಎಂಬವರು 2011ರಲ್ಲಿ ಇದನ್ನು ಜ್ವಾಲೆಯಾಕಾರದ ಚಿತ್ರವಾಗಿ ಬರೆಯುವ ಕ್ರಮವನ್ನು ಹೂಡಿದರು. ಅದರಲ್ಲಿ ಅಗಲವಾಗಿ ಹರಡಿದ ಪಟ್ಟಿಯ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ.

ಜನರು ಕಾಯುತ್ತಿರುವಾಗ ಪರೀಕ್ಷೆಗೆ ವೇಳೆಯೆಲ್ಲಿ ಎಂಬ ಆಕ್ಷೇಪವುಂಟು. ಅದು ಸುಳ್ಳಲ್ಲ. ಆದರೆ ಹತ್ತು ಸರ್ವರ್‌ಗಳಲ್ಲಿ ಒಂಬತ್ತನ್ನು ಬೇಕಾದರೆ ಪುನಃ ಚಾಲೂ ಮಾಡಲಿ. ಒಂದನ್ನಾದರೂ ಗುಂಪಿನಿಂದ ಹೊರತೆಗೆದು, ಇದ್ದ ಸ್ಥಿತಿಯಲ್ಲಿಯೇ ಉಳಿಸಿಕೊಳ್ಳಲಿ. ಇಷ್ಟನ್ನೂ ಮಾಡದವರು ನಾಳೆ ಅದೇ ಹೊತ್ತಿಗೆ ಅದೇ ಗುಂಡಿಯನ್ನು ಒತ್ತಬೇಕಾಗುವುದು.

2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಯಂತ್ರಗಳು ಪ್ರಪಂಚದಾದ್ಯಂತ ಒಮ್ಮೆಗೇ ದಣಿದು, ಅವನ್ನು ನೆಚ್ಚಿದ್ದ ತಾಣಗಳು 27 ನಿಮಿಷ ದೊರೆಯದಾದುವು. ಹಿಂದೆ ಕಾಣದ ಬಗೆಯ ದಾಳಿಯಿರಬೇಕೆಂಬ ಊಹೆಯೂ ಅಲ್ಲಿ ಹುಟ್ಟಿತ್ತು. ಸಂಶಯವನ್ನು ಬಿಡಿಸಿದ್ದು ಓಡುತ್ತಿದ್ದ ಒಂದು ಯಂತ್ರದಿಂದ ತೆಗೆದ ಪ್ರೊಸೆಸರ್ ಲೆಕ್ಕ. ಅಪರಾಧಿ ಆಗತಾನೆ ಸೇರಿಸಿದ್ದ ರಕ್ಷಣಾ ನಿಯಮದೊಳಗಿನ ಹುಡುಕುವ ಸೂತ್ರ. ಇಂತಹ ಸೂತ್ರಗಳಿಗೆ ಮಿತಿ ಹಾಕುತ್ತಿದ್ದ ಏರ್ಪಾಡೊಂದು ಮೊದಲು ಇತ್ತು. ಪ್ರೊಸೆಸರಿನ ಹೊರೆ ತಗ್ಗಿಸಲೆಂದು ಕೆಲವು ವಾರಗಳ ಹಿಂದೆ ಪ್ರೋಗ್ರಾಮನ್ನು ತಿದ್ದುವಾಗಲೇ ಅದನ್ನು ಪ್ರಮಾದದಿಂದ ತೆಗೆದುಹಾಕಿದ್ದರು! ಹಿಂದಕ್ಕೆ ಮರಳಿ ಎಣಿಸದೆಯೇ ಹುಡುಕುವ ಸಾಧನಗಳಿಗೆ ಬದಲಾಯಿಸುವುದಾಗಿ ಸಂಸ್ಥೆಯು ಆಮೇಲೆ ಪ್ರಕಟಿಸಿತು. ಹಾಗೆ ಹುಡುಕುವ ಕ್ರಮವನ್ನು ಕೆನ್ ಥಾಂಪ್ಸನ್ 1968ರಲ್ಲಿಯೇ ಬರೆದು ಪ್ರಕಟಿಸಿದ್ದರು.