ಹಳೆಯ ಕ್ಯಾಮರಾಗಳ ಜೀರ್ಣೋದ್ಧಾರ

ಕೆಟ್ಟ ಯಂತ್ರವನ್ನು ಸರಿಪಡಿಸುವುದು ಒಳ್ಳೆಯ ಕೆಲಸವೆಂಬುದಕ್ಕೆ ಎರಡು ಮಾತಿಲ್ಲ. ಆದರೆ ಆ ಯಂತ್ರವು ಅಪೂರ್ವವಾದುದಾಗಿದ್ದರೆ ಎಷ್ಟರ ಮಟ್ಟಿಗೆ ಸರಿಪಡಿಸಬೇಕು, ಎಲ್ಲಿ ಕೈ ತಡೆಯಬೇಕು ಎಂಬ ಪ್ರಶ್ನೆ ಏಳುತ್ತದೆ. ಹಿಂದಿನ ಸೋವಿಯೆತ್ ಒಕ್ಕೂಟದಲ್ಲಿ ತಯಾರಾದ ಫಿಲ್ಮ್ ಕ್ಯಾಮರಾಗಳನ್ನು ಹುಡುಕಿ ತಂದು ದುರಸ್ತಿ ಮಾಡುವ ಹವ್ಯಾಸ ಇಂದು ಹಲವು ದೇಶಗಳಲ್ಲಿದೆ. ಈ ಹವ್ಯಾಸಿಗಳ ಶ್ರದ್ಧೆಯನ್ನು ಮೆಚ್ಚುತ್ತಲೇ, ಅವರಲ್ಲಿ ಕೆಲವರು ಹಿಡಿದಿರುವ ದಾರಿ ಸರಿಯಲ್ಲವೆಂದು ಹೇಳಬೇಕಾಗಿದೆ.

ಮೊದಲು ಈ ಕ್ಯಾಮರಾಗಳಿಗೆ ಇಷ್ಟು ಬೆಲೆ ಏತಕ್ಕೆ ಎಂಬುದನ್ನು ನೋಡೋಣ. ಉಕ್ರೇನಿನ ಖಾರ್ಕೋವ್ ನಗರದಲ್ಲಿ 1927ರಲ್ಲಿ ಅನಾಥ ಮಕ್ಕಳಿಗಾಗಿ ಒಂದು ಶ್ರಮಾಲಯ ಸ್ಥಾಪಿತವಾಯಿತು. ಶಿಕ್ಷಣತಜ್ಞ ಮಕರೆಂಕೊ ಅದರ ಮೇಲ್ವಿಚಾರಕ. ಜರ್ಮನಿಯಲ್ಲಿ 1932ರಲ್ಲಿ ಹೊರಬಂದ ಎರಡನೆಯ ಮಾದರಿಯ ಲೈಕಾವನ್ನು ಎದುರಿಗಿಟ್ಟುಕೊಂಡು, ಅದರಂತೆಯೇ ಇರುವ ಕ್ಯಾಮರಾವನ್ನು ಈ ಶ್ರಮಾಲಯದವರು 1934ರಲ್ಲಿ ತಯಾರಿಸತೊಡಗಿದರು. ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿ ಎಂಬ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ‘ಫೆಡ್’ ಎಂದು ಹೆಸರಾಯಿತು. 1941ರಲ್ಲಿ ಯುದ್ಧ ಬಂದಾಗ ಕಾರ್ಖಾನೆಯನ್ನು ಸೈಬೀರಿಯಾದ ಬೆರ್ಡ್‌ಸ್ಕ್‌ಗೆ ಸಾಗಿಸಬೇಕಾಯಿತು. ಯುದ್ಧಾನಂತರ, 1948ರಲ್ಲಿ, ಮಾಸ್ಕೋದ ಬಳಿಯ ಕ್ರಾಸ್ನೊಗೊರ್ಸ್ಕ್‌ನಲ್ಲಿ ಅದೇ ಮಾದರಿಯಿಂದ ‘ಜೋರ್ಕಿ’ ಹುಟ್ಟಿತು. ಅದರ ಮೊದಲ ಕೆಲವು ಕ್ಯಾಮರಾಗಳ ಮೇಲೆ ಫೆಡ್, ಜೋರ್ಕಿ ಎಂಬ ಎರಡು ಹೆಸರುಗಳೂ ಕೆತ್ತಲ್ಪಟ್ಟಿವೆ. ಸಂಗ್ರಾಹಕರು ಇಂಥವನ್ನೇ ಅರಸುತ್ತಾರೆ. ಕೀವ್ ನಗರದ ಆರ್ಸೆನಲ್ ಕಾರ್ಖಾನೆಯು ಯುದ್ಧಪರಿಹಾರವಾಗಿ ಬಂದ ಜರ್ಮನ್ ಯಂತ್ರಗಳನ್ನೂ ಬಿಡಿಭಾಗಗಳನ್ನೂ ಬಳಸಿ, 1947ರಿಂದ ಕಾಂಟಾಕ್ಸ್ ಮಾದರಿಯ ‘ಕೀವ್’ ಕ್ಯಾಮರಾಗಳನ್ನು ಹೊರತಂದಿತು.

ಹೀಗೆ ಒಂದು ತಂತ್ರವಿದ್ಯೆ ಒಂದು ದೇಶದಿಂದ ಇನ್ನೊಂದಕ್ಕೆ ಹೇಗೆ ಹೋಯಿತು, ಅಲ್ಲಿನ ಕುಶಲಿಗಳು ಅದನ್ನು ಹೇಗೆ ಅರಗಿಸಿಕೊಂಡರು ಎಂಬುದಕ್ಕೆ ಈ ಕ್ಯಾಮರಾಗಳು ಪ್ರತ್ಯಕ್ಷ ಸಾಕ್ಷಿಗಳು. ಕಾಗದದ ದಾಖಲೆ ಹೇಳದಿರುವುದನ್ನು ಒಂದು ತಿರುಪು, ಒಂದು ಅರದ ಗೆರೆ ಹೇಳಬಲ್ಲದು.

ಇನ್ನು ದುರಸ್ತಿಯ ವಿಷಯ. ಫೆಡ್, ಜೋರ್ಕಿಗಳ ಷಟರು ರಬ್ಬರು ಲೇಪಿಸಿದ ಬಟ್ಟೆಯ ಎರಡು ಪರದೆಗಳಿಂದಾದುದು. ಮೊದಲ ಪರದೆ ಓಡತೊಡಗಿದ ಸ್ವಲ್ಪ ಹೊತ್ತಿಗೆ ಎರಡನೆಯದು ಹಿಂಬಾಲಿಸುತ್ತದೆ; ನಡುವಣ ಸೀಳಿನ ಮೂಲಕ ಬೆಳಕು ಫಿಲ್ಮನ್ನು ಮುಟ್ಟುತ್ತದೆ. ಪರದೆಯು 36 ಮಿ.ಮೀ. ಅಗಲದ ಚಿತ್ರವನ್ನು ಸೆಕೆಂಡಿನ 1/40 ಭಾಗದಲ್ಲಿ ದಾಟುವುದೆಂದಿಟ್ಟುಕೊಂಡರೆ, 1/500 ಸೆಕೆಂಡು ಬೆಳಕು ಬೀಳಲು ಸೀಳು ಮೂರು ಮಿ.ಮೀ.ಗಿಂತಲೂ ಕಿರಿದಾಗಿರಬೇಕು. ದಶಕಗಳು ಕಳೆದು ಗ್ರೀಸು ಗಟ್ಟಿಯಾದಾಗ ಮೊದಲ ಪರದೆ ನಿಧಾನವಾಗಿ, ಎರಡನೆಯದು ಅದನ್ನು ಸಮೀಪಿಸುತ್ತದೆ. ಸೀಳು ಒಂದು ಮಿ.ಮೀ. ಕುಗ್ಗಿದರೂ ಬೆಳಕಿನ ಮೂರನೆಯ ಒಂದು ಪಾಲು ನಷ್ಟವಾಗಿ ಚಿತ್ರದ ಒಂದು ಪಕ್ಕ ಕಪ್ಪಾಗುತ್ತದೆ. ಕ್ಯಾಮರಾವನ್ನು ಮುಚ್ಚಳವಿಲ್ಲದೆ ಬಿಸಿಲಿಗೆ ಹಿಡಿದಿಟ್ಟರೆ ಮಸೂರವೇ ಭೂತಗನ್ನಡಿಯಾಗಿ ಬಟ್ಟೆಯಲ್ಲಿ ತೂತು ಸುಡುವುದೂ ಉಂಟು.

ಇಂಥ ದೋಷಗಳನ್ನು ನಿವಾರಿಸುವುದು ನ್ಯಾಯವೇ ಸರಿ. ಒಣಗಿದ ಗ್ರೀಸನ್ನು ತೆಗೆಯುವುದು, ಹರಿದ ಪರದೆಗೆ ಬದಲಾಗಿ ಹೊಸದನ್ನು ಅಂಟಿಸುವುದು, ಮಸೂರದ ಬೂಷ್ಟನ್ನು ಒರೆಸುವುದು ಯಂತ್ರಕ್ಕೆ ಮರಳಿ ಉಸಿರು ಕೊಡುವ ಕೆಲಸಗಳು. ಷಟರಿನ ವೇಗವನ್ನು ಕಾಲೇಜಿನ ಪ್ರಯೋಗಶಾಲೆಯ ಫೋಟೋಡಯೋಡು, ಆಸಿಲೋಸ್ಕೋಪುಗಳಿಂದಲೇ ಅಳೆಯಬಹುದು. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಆದರೆ ಇಲ್ಲಿಯೂ ವಿವೇಚನೆ ಬೇಕು. ಯುದ್ಧಪೂರ್ವದ ಫೆಡ್‌ಗಳಲ್ಲಿ ಮಸೂರದಿಂದ ಫಿಲ್ಮಿಗಿರುವ ದೂರ ಒಂದೇ ಅಳತೆಗೆ ನಿಂತಿರಲಿಲ್ಲ. ಆಯಾ ಕ್ಯಾಮರಾಕ್ಕೆ ಆಯಾ ಮಸೂರವನ್ನು ಬೇರೆಬೇರೆಯಾಗಿ ಹೊಂದಿಸುತ್ತಿದ್ದರು. ಎರಡನ್ನು ಅಗಲಿಸಿ, ಹೆಚ್ಚು ಹೊಳೆಯುವ ಬೇರೊಂದು ಮಸೂರವನ್ನು ತೊಡಿಸಿದರೆ ಚಿತ್ರ ಮಸುಕಾಗುವುದಲ್ಲದೆ, ಆ ಜೋಡಿಯಲ್ಲಿದ್ದ ಚರಿತ್ರೆಯೂ ಅಳಿಯುತ್ತದೆ.

ಅದಕ್ಕಿಂತ ಕೆಟ್ಟದ್ದು ವೇಷ ಬದಲಿಸುವುದು. ಹಳೆಯ ಫೆಡ್, ಜೋರ್ಕಿಗಳ ಹೆಸರನ್ನು ಉಜ್ಜಿ ತೆಗೆದು ‘ಲೈಕಾ’ ಎಂದು ಕೆತ್ತಿ, ಚಿನ್ನದ ಬಣ್ಣ ಕೊಟ್ಟು, ಜರ್ಮನ್ ಸೇನೆಯ ಲಾಂಛನ ಹಚ್ಚಿ ಮಾರುವ ವ್ಯಾಪಾರ ಬಹುಕಾಲದಿಂದ ನಡೆದಿದೆ. ಮೋಸವನ್ನು ಹಿಡಿಯುವುದು ಕಷ್ಟವಲ್ಲ. ಮಸೂರವನ್ನು ಬಿಚ್ಚಿ ಒಳಗೆ ನೋಡಿದರೆ, ದೂರಮಾಪಕದ ತೋಳಿನ ತುದಿಯಲ್ಲಿ ಅಸಲು ಲೈಕಾಕ್ಕೆ ಪುಟ್ಟ ಉರುಳೆಯಿರುತ್ತದೆ; ಫೆಡ್, ಜೋರ್ಕಿಗಳಿಗೆ ಉರುಳೆಯಿಲ್ಲದ ನಾಲಗೆಯಂಥ ತುಂಡು ಮಾತ್ರ. ಕೊಂಡವನ ಹಣ ಹೋದರೆ ಅದು ಅವನೊಬ್ಬನ ನಷ್ಟ. ಆದರೆ ಉಜ್ಜಿಹೋದ ಹೆಸರು, ಸಂಖ್ಯೆಗಳು ಎಲ್ಲರ ನಷ್ಟ. ಗುಡಿಯ ಜೀರ್ಣೋದ್ಧಾರಕ್ಕೆ ಹೊರಟವರು ಶಾಸನವನ್ನೇ ಕೆತ್ತಿಹಾಕಿದಂತೆ ಇದು.

ತನ್ನ ವಸ್ತುವನ್ನು ತಾನು ಬೇಕಾದಂತೆ ಅಲಂಕರಿಸಿಕೊಂಡರೆ ತಪ್ಪೇನೆಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. 1956ರಿಂದ 1973ರ ವರೆಗೆ ತಯಾರಾದ ಜೋರ್ಕಿ-4ರ ಸಂಖ್ಯೆ ಸುಮಾರು 17 ಲಕ್ಷ; ಅದರಲ್ಲೊಂದನ್ನು ಬಿಚ್ಚಿ ಕಲಿತರೂ, ಹೊಸ ಚರ್ಮ ಹೊದಿಸಿದರೂ ಜ್ಞಾನಕ್ಕೆ ಕುಂದಿಲ್ಲ. ಲೆನಿನ್‌ಗ್ರಾಡಿನ ‘ಸ್ಪೋರ್ಟ್’ ಕ್ಯಾಮರಾದ ಮಾತು ಬೇರೆ. 35 ಮಿ.ಮೀ. ಫಿಲ್ಮಿಗೆ ಕನ್ನಡಿ ಅಳವಡಿಸಿದ, ಮಸೂರದ ಮೂಲಕವೇ ನೋಡುವ ಮೊದಲ ಕ್ಯಾಮರಾ ಅದೋ, ಜರ್ಮನಿಯ 1936ರ ಕಿನೆ ಎಕ್ಸಾಕ್ಟವೋ ಎಂಬ ವಾದ ಇಂದಿಗೂ ಇದೆ. ಇಂಥ ವಾದದಲ್ಲಿ ಉಳಿದಿರುವ ಒಂದೊಂದು ಮಾದರಿಯೂ ಸಾಕ್ಷ್ಯ. ಸಾಕ್ಷ್ಯವನ್ನು ತಿದ್ದುವ ಅಧಿಕಾರ ಒಡೆತನದಿಂದ ಬರುವುದಿಲ್ಲ.

ಆದುದರಿಂದ ಈ ಕೆಲಸಕ್ಕೆ ಕೈಯಿಡುವವರು ಮೂರು ನಿಯಮಗಳನ್ನು ಪಾಲಿಸುವುದು ಲೇಸು. ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಚಿತ್ರ ತೆಗೆದಿಡಬೇಕು. ತೆಗೆದ ಹಳೆಯ ಪರದೆ, ತಿರುಪುಗಳನ್ನು ಎಸೆಯದೆ, ಬದಲಿಸಿದುದರ ಪಟ್ಟಿಯೊಡನೆ ಕ್ಯಾಮರಾದ ಜೊತೆಯಲ್ಲಿಯೇ ಇಡಬೇಕು. ಹೆಸರು, ಸಂಖ್ಯೆ, ಕೆತ್ತನೆಗಳನ್ನು ಯಾವ ಕಾರಣಕ್ಕೂ ಮುಟ್ಟಕೂಡದು. ಇದಕ್ಕೆ ಹಣ ಬೇಕಿಲ್ಲ, ತಾಳ್ಮೆ ಸಾಕು. ಸವೆದ ಅಂಚು, ಮಾಸಿದ ಬಣ್ಣಗಳುಳ್ಳ ಕ್ಯಾಮರಾವೊಂದು ಸರಿಯಾದ ವೇಗದಲ್ಲಿ ಷಟರು ತೆರೆದು ಮುಚ್ಚಿದರೆ, ಅದರ ಜೀರ್ಣೋದ್ಧಾರ ಪೂರ್ಣವಾಯಿತೆಂದೇ ತಿಳಿಯಬೇಕು.