ಐದು ನಿಮಿಷದ ಶಿಕ್ಷೆ

2025ರ ಜುಲೈ ತಿಂಗಳಿನಲ್ಲಿ ನಮ್ಮ ಅಕ್ಕ ಟೊರಾಂಟೋದಿಂದ ಮಗನನ್ನು ಕರೆದುಕೊಂಡು ಮೈಸೂರಿಗೆ ಬಂದಿದ್ದಳು. ಹುಡುಗನಿಗೆ ಹದಿಮೂರು ವರ್ಷ. ಕನ್ನಡವನ್ನು ಚೆನ್ನಾಗಿ ಅರಿಯಬಲ್ಲ, ಆಡುವಾಗ ಮಾತ್ರ ಸ್ವಲ್ಪ ತಡವರಿಸುವನು; ಆದರೆ ಐಸ್ ಹಾಕಿಯ ಮಾತೆತ್ತಿದರೆ ಸಾಕು, ಆ ತಡವರಿಕೆ ಎಲ್ಲಿ ಓಡಿಹೋಗುವುದೋ ತಿಳಿಯದು. ಹೊರಗೆ ಆಷಾಢದ ಜಿಟಿಜಿಟಿ ಮಳೆ ಹಿಡಿದಿತ್ತು. ನಮ್ಮ ತಾಯಿ ನಡುಮನೆಯಲ್ಲಿ ಹೂ ಕಟ್ಟುತ್ತ ಕುಳಿತಿದ್ದರು. ಹುಡುಗನು ಅಜ್ಜಿಯ ಪಕ್ಕಕ್ಕೆ ಸರಿದು ತನ್ನ ಫೋನಿನಲ್ಲಿ ಒಂದು ಪಂದ್ಯದ ದೃಶ್ಯಗಳನ್ನು ತೋರಿಸತೊಡಗಿದ. ನಾನೂ ಪತ್ರಿಕೆಯನ್ನು ಮಡಿಸಿಟ್ಟು ಇಣುಕಿದೆ.

ಆ ವರ್ಷದ ಫೆಬ್ರವರಿ 15ರಂದು ಮಾಂಟ್ರಿಯಲ್ ನಗರದಲ್ಲಿ ಕೆನಡಕ್ಕೂ ಅಮೆರಿಕಕ್ಕೂ ನಡೆದ ಪಂದ್ಯವದು. ಆಟ ಆರಂಭವಾದದ್ದೇ ತಡ, ಎರಡೂ ಕಡೆಯಿಂದ ಒಬ್ಬೊಬ್ಬರು ಕೈಗವಸುಗಳನ್ನು ಕಳಚಿ ಎಸೆದು ಪರಸ್ಪರ ಮುಖಕ್ಕೆ ಗುದ್ದತೊಡಗಿದರು. ಅವರನ್ನು ಹೊರಗೆ ಕಳುಹಿಸಿ ಆಟವನ್ನು ಮತ್ತೆ ಹೂಡಿದರೆ ಇನ್ನೊಂದು ಜೋಡಿ. ಅದಾದ ಮೇಲೆ ಮತ್ತೊಂದು. ಆಟದ ಗಡಿಯಾರ ಒಂಬತ್ತು ಸೆಕೆಂಡು ತೋರಿಸುವಷ್ಟರಲ್ಲಿ ಮೂರು ಕಾಳಗಗಳಾದವು. ಮೊದಲ ಎರಡರಲ್ಲಿ ಅಮೆರಿಕದ ಪರವಾಗಿ ಹೊಡೆದಾಡಿದವರು ಮ್ಯಾಥ್ಯೂ ಮತ್ತು ಬ್ರೇಡಿ ಕಚಕ್ ಎಂಬ ಅಣ್ಣತಮ್ಮಂದಿರು. ಸುತ್ತಲಿನ ಸಹಸ್ರಾರು ಜನ ಎದ್ದು ನಿಂತು ಕೂಗುತ್ತಿದ್ದರು. ಹುಡುಗನ ಕಣ್ಣು ಅರಳಿತ್ತು.

ನಮ್ಮ ತಾಯಿಯ ಕೈಯಲ್ಲಿನ ದಾರ ನಿಂತಿತು. "ಅಲ್ಲ ಮಗು, ಪಕ್ಕದಲ್ಲೇ ಪಟ್ಟೆ ಪಟ್ಟೆ ಅಂಗಿ ಹಾಕ್ಕೊಂಡು ನಿಂತಿದ್ದಾರಲ್ಲ, ಅವರ್ಯಾಕೆ ಬಿಡಿಸೋದಿಲ್ಲ?" ಎಂದರು.

"ಅವರು ರೆಫರಿಗಳು ಅಜ್ಜಿ. ಒಬ್ಬ ಕೆಳಗೆ ಬಿದ್ದ ಮೇಲೆ ಬಿಡಿಸ್ತಾರೆ."

"ಬಿದ್ದ ಮೇಲೆ ಬಿಡಿಸೋದೇನು ಬಂತು?"

ಹುಡುಗ ನಕ್ಕುಬಿಟ್ಟ. ಅಕ್ಕ ನಗಲಿಲ್ಲ. ನನಗಂತೂ ಆ ಪ್ರಶ್ನೆ ಅಷ್ಟಕ್ಕೇ ಬಿಡಲಿಲ್ಲ.

ನಮ್ಮ ವಾಚಕರಲ್ಲಿ ಬಹುಮಂದಿಗೆ ಹಾಕಿಯೆಂದರೆ ಕೊಡಗಿನ ಹಸುರು ಬಯಲು, ಬಾಗಿದ ಕೋಲು, ಬಿಳಿಯ ಚೆಂಡು. ಕೆನಡದವರ ಹಾಕಿಯೇ ಬೇರೆ. ನುಣುಪಾದ ಮಂಜುಗಡ್ಡೆಯ ಕಣ, ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳು, ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಗೋಲಿಯೂ ಸೇರಿ ಕಡೆಗೆ ಆರಾರು ಜನ. ಬಿಲ್ಲೆಯನ್ನು ಹಿಡಿದವನನ್ನು ಭುಜದಿಂದ ಗುದ್ದಿ ಉರುಳಿಸುವುದು ಅಲ್ಲಿ ನ್ಯಾಯವಾದ ಆಟವೇ. ಆ ವೇಗದಲ್ಲಿ ಮೈಗೆ ಮೈ ತಾಗಿದಾಗ ರಕ್ತ ಕಾಯುವುದು ಸಹಜ. ಅದನ್ನು ನಾನು ಆಕ್ಷೇಪಿಸುವವನಲ್ಲ. ನನ್ನ ಆಕ್ಷೇಪಣೆಯಿರುವುದು ಕಾಯಿದೆಯ ಪುಸ್ತಕದ ಒಂದು ಪುಟಕ್ಕೆ.

ವೃತ್ತಿಪರರ ದೊಡ್ಡ ಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಹುಟ್ಟಿತು. ಮುಷ್ಟಿಕಾಳಗವನ್ನು ನಿಷೇಧಿಸುವ ಬದಲು 1922ರಲ್ಲಿ ಅದು ಅದಕ್ಕೊಂದು ಬೆಲೆಯನ್ನು ನಿಗದಿ ಮಾಡಿತು: ಐದು ನಿಮಿಷ ಪಕ್ಕದ ಕಟ್ಟೆಯಲ್ಲಿ ಕುಳಿತಿರತಕ್ಕದ್ದು. ನೂರು ವರ್ಷ ಕಳೆದರೂ ಬೆಲೆ ಏರಿಲ್ಲ. ಕಾಳಗವನ್ನು ಕೆಣಕಿ ಆರಂಭಿಸಿದವನಿಗೆ, ಮೂರನೆಯವನಾಗಿ ನುಗ್ಗಿದವನಿಗೆ, ಕಟ್ಟೆಯಿಂದ ಎದ್ದು ಬಂದವನಿಗೆ ಹೆಚ್ಚಿನ ದಂಡನೆಗಳು ಆಮೇಲೆ ಸೇರಿದುವು, ನಿಜ. ಆದರೆ ಇಬ್ಬರೂ ಒಪ್ಪಿ ಹೊಡೆದಾಡಿದರೆ ಇಂದಿಗೂ ಐದೇ ನಿಮಿಷ.

ಇದರೊಳಗೆ ಒಂದು ಸೂಕ್ಷ್ಮವಿದೆ. ಕೋಲನ್ನು ಕಾಲಿಗೆ ಅಡ್ಡ ಹಾಕಿ ಎದುರಾಳಿಯನ್ನು ಬೀಳಿಸಿದರೆ ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕು. ಆ ಎರಡು ನಿಮಿಷ ಅವನ ತಂಡ ಒಬ್ಬನಿಲ್ಲದೆ ಆಡಬೇಕು. ಅನೇಕ ಗೋಲುಗಳಾಗುವುದು ಆಗಲೇ. ಆದುದರಿಂದ ಆ ಶಿಕ್ಷೆಗೆ ಎಲ್ಲರೂ ಹೆದರುವರು. ಗುದ್ದಾಟದಲ್ಲಾದರೋ ಎರಡು ತಂಡಗಳಿಂದಲೂ ಒಬ್ಬೊಬ್ಬರು ಹೊರಗೆ ಹೋಗುವರು, ಅವರ ಜಾಗಕ್ಕೆ ಬೇರೆ ಇಬ್ಬರು ಬರುವರು, ಆಟ ಐವರಿಗೆ ಐವರಂತೆ ಸಾಗುವುದು. ತಂಡಕ್ಕೆ ಕಾಸಿನ ನಷ್ಟವಿಲ್ಲ. ಒಬ್ಬನನ್ನು ಎಡವಿಸುವುದಕ್ಕಿಂತ ಅವನ ದವಡೆ ಮುರಿಯುವುದು ತಂಡಕ್ಕೆ ಅಗ್ಗ! ಇದನ್ನು ಶಿಕ್ಷೆಯೆಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ. ಇದು ಪರವಾನಗಿ.

ಗುದ್ದಾಟ ಬೇಕೆನ್ನುವವರು ಅವಿವೇಕಿಗಳೆಂದು ನಾನು ಹೇಳೆನು. ಅವರ ವಾದದಲ್ಲಿ ತೂಕವಿದೆ. ಕೈಯಲ್ಲಿ ಕೋಲು, ಕಾಲಲ್ಲಿ ಅಲಗು ಇರುವ ಆಟದಲ್ಲಿ ಸಿಟ್ಟಿಗೆ ಒಂದು ಹಾದಿ ಬೇಕು. ಬರಿಗೈಯ ಗುದ್ದು ಆ ಹಾದಿ. ಅದನ್ನು ಮುಚ್ಚಿದರೆ ಜನ ಕೋಲನ್ನೆತ್ತುವರು, ಹಿಂದಿನಿಂದ ಹೊಡೆಯುವರು ಎಂಬುದು ಒಂದು ಮಾತು. ಬಲಾಢ್ಯನೊಬ್ಬ ತಂಡದಲ್ಲಿದ್ದರೆ ಪ್ರತಿಭಾವಂತನ ಮೈಮುಟ್ಟಲು ಎದುರಾಳಿಗಳು ಅಂಜುವರು ಎಂಬುದು ಇನ್ನೊಂದು. ವೇಯ್ನ್ ಗ್ರೆಟ್ಸ್‌ಕಿಯಂಥ ಅಸಾಮಾನ್ಯ ಆಟಗಾರನಿಗೆ ಎಡ್ಮಂಟನ್ ತಂಡದಲ್ಲಿ ಡೇವ್ ಸೆಮೆಂಕೊ, ಮಾರ್ಟಿ ಮೆಕ್‌ಸೋರ್ಲಿ ಎಂಬವರು ಹೀಗೆ ಅಂಗರಕ್ಷಕರಾಗಿದ್ದರು. 1988ರಲ್ಲಿ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸಿಗೆ ಕೊಟ್ಟಾಗ ಮೆಕ್‌ಸೋರ್ಲಿಯನ್ನೂ ಜೊತೆಯಲ್ಲಿ ಕಳುಹಿಸಿದರು. ರಾಜನೊಡನೆ ಕತ್ತಿಯನ್ನೂ ಕಳುಹಿಸಿದಂತೆ.

ಮುಂದೆ ಆ ಮೆಕ್‌ಸೋರ್ಲಿಯ ಗತಿ ಏನಾಯಿತು? 2000ದ ಫೆಬ್ರವರಿಯಲ್ಲಿ, ಆಗ ಬಾಸ್ಟನ್ ತಂಡದಲ್ಲಿದ್ದ ಆತ, ಡೊನಾಲ್ಡ್ ಬ್ರಷೇರ್ ಎಂಬ ಎದುರಾಳಿಯ ತಲೆಗೆ ಕೋಲಿನಿಂದಲೇ ಹೊಡೆದ. ಆ ಪಂದ್ಯದ ಆರಂಭದಲ್ಲಿ ಅವರಿಬ್ಬರೂ ಕಾಯಿದೆಬದ್ಧವಾಗಿ ಗುದ್ದಾಡಿ ಮುಗಿಸಿದ್ದರು! ಕಡೆಗೆ ನ್ಯಾಯಾಲಯ ಮೆಕ್‌ಸೋರ್ಲಿಯನ್ನು ಅಪರಾಧಿಯೆಂದು ತೀರ್ಮಾನಿಸಿತು. ಇನ್ನೂ ಘೋರವಾದದ್ದು 2004ರ ಮಾರ್ಚ್ 8ರ ಘಟನೆ. ಕೊಲರಾಡೋ ತಂಡದ ಸ್ಟೀವ್ ಮೂರ್ ಹಿಂದಿನ ತಿಂಗಳು ವ್ಯಾಂಕೂವರ್ ತಂಡದ ನಾಯಕನಿಗೆ ಪೆಟ್ಟು ಕೊಟ್ಟಿದ್ದ. ಅದರ ಋಣ ತೀರಿಸಲು ಆ ದಿನ ಪಂದ್ಯದ ಮೊದಲ ಭಾಗದಲ್ಲೇ ಅವನು ವ್ಯಾಂಕೂವರಿನವನೊಬ್ಬನೊಡನೆ ಗುದ್ದಾಡಿದ. ಆಟಗಾರರ ಸಂಪ್ರದಾಯದ ಪ್ರಕಾರ ಲೆಕ್ಕ ಚುಕ್ತವಾಗಬೇಕಿತ್ತು. ಆಗಲಿಲ್ಲ. ಮೂರನೆಯ ಭಾಗದಲ್ಲಿ ಟಾಡ್ ಬರ್ಟೂಜಿ ಎಂಬವನು ಹಿಂದಿನಿಂದ ಬಂದು ಹೊಡೆದು ಅವನನ್ನು ಮಂಜುಗಡ್ಡೆಗೆ ಕೆಡವಿದ. ಕುತ್ತಿಗೆಯ ಮೂಳೆಗಳು ಮುರಿದವು. ಸ್ಟೀವ್ ಮೂರ್ ಮತ್ತೆ ಆ ಲೀಗಿನಲ್ಲಿ ಆಡಲಿಲ್ಲ.

ಕೈಗವಸು ಕಳಚಬೇಕು, ಬಿದ್ದವನನ್ನು ಹೊಡೆಯಬಾರದು, ಒಲ್ಲದವನ ಮೇಲೆ ಬೀಳಬಾರದು ಎಂದು ಈ ಕಾಳಗಕ್ಕೂ ಒಂದು ಧರ್ಮವನ್ನು ಹೇಳುತ್ತಾರೆ. ವರ್ಷ ವರ್ಷವೂ ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಪಾಠ ಹೇಳುವ ನನಗೆ, ಧರ್ಮಯುದ್ಧದ ಕಡೆಯ ಏಟು ತೊಡೆಗೇ ಬೀಳುವುದೆಂಬುದು ಹೊಸ ಸಂಗತಿಯಲ್ಲ.

ಈ ಮಾತನ್ನು ಆಡಲು ಮೈಸೂರಿನವನಾದ ನಿನಗೇನು ಅಧಿಕಾರ, ವಿಜಯದಶಮಿಯ ದಿನ ನಿಮ್ಮ ಅರಮನೆಯ ಅಂಗಳದಲ್ಲಿ ಜಟ್ಟಿಗಳು ವಜ್ರಮುಷ್ಟಿ ಕಾಳಗ ಮಾಡುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡುತ್ತಾರೆ. ಆದರೆ ಒಬ್ಬನ ತಲೆಯಲ್ಲಿ ರಕ್ತದ ಹನಿ ಕಂಡ ಕ್ಷಣವೇ ಅದನ್ನು ನಿಲ್ಲಿಸಿಬಿಡುತ್ತಾರೆ. ಬೀಳಲೆಂದು ಯಾರೂ ಕಾಯುವುದಿಲ್ಲ. ಮತ್ತೆ ಆ ಪ್ರಶ್ನೆ ಏಳುವುದು ಮುಂದಿನ ದಸರೆಗೆ.

ಹಾಕಿಯ ಹೊಡೆದಾಟಗಾರನಿಗೆ ದಸರೆ ವಾರಕ್ಕೆ ಮೂರು ಬಾರಿ ಬರುತ್ತದೆ. ಡೆರೆಕ್ ಬೂಗಾರ್ಡ್ ಎಂಬವನ ಕಥೆಯನ್ನು ನಾನು ಓದಿದ್ದು ಅಕ್ಕ ಊರಿಗೆ ಹೋದ ಮೇಲೆ. ಸಸ್ಕ್ಯಾಚುವನ್ ಪ್ರಾಂತ್ಯದ ಹುಡುಗ, ಪೊಲೀಸ್ ಅಧಿಕಾರಿಯ ಮಗ. ಸುಮಾರು ಆರೂವರೆ ಅಡಿ ಎತ್ತರ. ಸ್ಕೇಟಿನ ಮೇಲೆ ಚುರುಕಲ್ಲ, ಗೋಲು ಹೊಡೆಯುವ ಕಲೆ ಒಲಿಯಲಿಲ್ಲ. ಹದಿಹರೆಯದಲ್ಲಿ ಒಂದು ದಿನ ಪಂದ್ಯದ ಮಧ್ಯೆ ಕೆರಳಿ ಎದುರಾಳಿಗಳ ಕಟ್ಟೆಗೇ ನುಗ್ಗಿ ಬಡಿದಾಡಿದ. ಅಲ್ಲಿ ಕುಳಿತಿದ್ದ ಮೇಲಿನ ತಂಡದ ಶೋಧಕರು ಅದನ್ನು ಕಂಡು ಅವನನ್ನು ಆರಿಸಿಕೊಂಡರು. ಬೇರೊಂದು ಆಟದಲ್ಲಾಗಿದ್ದರೆ ಅದೇ ಅವನ ಕೊನೆಯ ಪಂದ್ಯವಾಗುತ್ತಿತ್ತು. ಇಲ್ಲಿ ಅದೇ ಅವನ ಅರ್ಜಿಯಾಯಿತು.

ಮಿನೆಸೋಟ, ಆಮೇಲೆ ನ್ಯೂಯಾರ್ಕ್ ತಂಡಗಳಿಗಾಗಿ ಅವನು 277 ಪಂದ್ಯಗಳನ್ನು ಆಡಿದ. ಗೋಲುಗಳು ಮೂರು. ಜನ ಅವನ ಹೆಸರಿಗೆ ಪ್ರಾಸ ಕೂಡಿಸಿ ಇಟ್ಟ ಅಡ್ಡಹೆಸರಿನ ಅರ್ಥ ನಮ್ಮ ಭಾಷೆಯಲ್ಲಿ 'ಗುಮ್ಮ'. 2006ರಲ್ಲಿ ಅವನ ಒಂದು ಗುದ್ದಿಗೆ ಟಾಡ್ ಫೆಡೊರುಕ್ ಎಂಬಾತನ ಕೆನ್ನೆಯ ಮೂಳೆ ಪುಡಿಯಾಗಿ, ಮುಖಕ್ಕೆ ಲೋಹದ ತಗಡುಗಳನ್ನು ಕೂರಿಸಬೇಕಾಯಿತು. ಮರುವರ್ಷ ಇಬ್ಬರೂ ಒಂದೇ ತಂಡದಲ್ಲಿದ್ದರು! ವೈರವಾದರೂ ಎಲ್ಲಿತ್ತು? ಇಬ್ಬರದೂ ಒಂದೇ ಉದ್ಯೋಗ. 2010ರಲ್ಲಿ ನ್ಯೂಯಾರ್ಕಿನವರು ನಾಲ್ಕು ವರ್ಷಗಳಿಗೆ 65 ಲಕ್ಷ ಡಾಲರುಗಳ ಕರಾರು ಬರೆದುಕೊಟ್ಟರು. ಆ ವೇಳೆಗೆ ಕೈಬೆರಳು, ಮೂಗು, ಬೆನ್ನು ಎಲ್ಲವೂ ಜಖಂ. ನೋವು ಮರೆಯಲು ನುಂಗುತ್ತಿದ್ದ ಗುಳಿಗೆಗಳು ಚಟವಾಗಿದ್ದವು. ಆ ವರ್ಷ ಡಿಸೆಂಬರಿನಲ್ಲಿ ಆಟವಾದಲ್ಲಿ ನಡೆದ ಗುದ್ದಾಟವೇ ಕೊನೆಯದು. 2011ರ ಮೇ 13ರಂದು, ಮದ್ಯ ಮತ್ತು ನೋವಿನ ಗುಳಿಗೆ ಎರಡೂ ದೇಹದಲ್ಲಿ ಸೇರಿ, ಅವನು ತೀರಿಕೊಂಡ. ವಯಸ್ಸು ಇಪ್ಪತ್ತೆಂಟು.

ಬಾಸ್ಟನ್ ವಿಶ್ವವಿದ್ಯಾನಿಲಯದ ವೈದ್ಯರು ಅವನ ಮಿದುಳನ್ನು ಪರೀಕ್ಷಿಸಿದಾಗ ಸಿ.ಟಿ.ಇ. ಎಂಬ ರೋಗ ಕಂಡಿತು. ತಲೆಗೆ ಮೇಲಿಂದ ಮೇಲೆ ಪೆಟ್ಟು ಬಿದ್ದವರಲ್ಲಿ ಕಾಣಿಸುವ ರೋಗ ಇದು; ಸ್ಮರಣೆಯನ್ನೂ ಮನಸ್ಸಿನ ಸ್ತಿಮಿತವನ್ನೂ ಮೆಲ್ಲಮೆಲ್ಲನೆ ತಿನ್ನುವುದು; ಸತ್ತ ಮೇಲಲ್ಲದೆ ನಿಶ್ಚಯವಾಗಿ ಗುರುತಿಸಲು ಬಾರದು. ನಲವತ್ತೈದನೆಯ ವಯಸ್ಸಿನಲ್ಲಿ ಸತ್ತ ಬಾಬ್ ಪ್ರೋಬರ್ಟ್ ಎಂಬ ಇನ್ನೊಬ್ಬ ಪ್ರಸಿದ್ಧ ಹೊಡೆದಾಟಗಾರನಿಗಿಂತ ಈ ಯುವಕನಲ್ಲಿ ಅದು ಹೆಚ್ಚು ಬಲಿತಿತ್ತು. ಅದೇ ಬೇಸಗೆಯಲ್ಲಿ ರಿಕ್ ರಿಪಿಯನ್, ವೇಡ್ ಬೆಲಾಕ್ ಎಂಬ ಮತ್ತಿಬ್ಬರು ಸತ್ತರು. ಮೂರು ಸಾವುಗಳನ್ನೂ ಮುಷ್ಟಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಮನುಷ್ಯನ ದುಃಖಕ್ಕೆ ಕಾರಣಗಳು ಹಲವು. ಆದರೆ 1967ರಿಂದ ಈಚಿನ ಆಟಗಾರರ ಲೆಕ್ಕ ತೆಗೆದು 2023ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಅಧ್ಯಯನವುಂಟು. ಅದರ ಪ್ರಕಾರ ತೀರಿಕೊಂಡವರಲ್ಲಿ ಹೊಡೆದಾಟವನ್ನೇ ಕಸುಬಾಗಿಸಿಕೊಂಡಿದ್ದವರು ತಮ್ಮ ಜೊತೆಗಾರರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತಿದ್ದರು. ಇಷ್ಟಾದರೂ, 1993ರಲ್ಲಿ ಲೀಗಿನ ಆಯುಕ್ತರಾದ ಗ್ಯಾರಿ ಬೆಟ್‌ಮನ್ ಅವರು 2019ರಲ್ಲಿ ಕೆನಡದ ಪಾರ್ಲಿಮೆಂಟಿನ ಸಮಿತಿಯ ಮುಂದೆ, ಆಟದ ಪೆಟ್ಟುಗಳಿಗೂ ಈ ರೋಗಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂದೇ ನುಡಿದರು.

'ಅವರಾಗಿಯೇ ಒಪ್ಪಿ ಮಾಡುತ್ತಾರೆ, ನಿನಗೇನು ಕಷ್ಟ?' ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ವಾದವೆಂದು ತೋರುವುದು. ಬೂಗಾರ್ಡನ ಒಪ್ಪಿಗೆ ಎಂಥದು? ಮೂರೇ ಗೋಲು ಹೊಡೆಯಬಲ್ಲವನಿಗೆ ಆ ಲೀಗಿನ ಬಾಗಿಲು ತೆರೆಯಲು ಬೇರೆ ಬೀಗದಕೈ ಇರಲಿಲ್ಲ. ಗುದ್ದಾಟಕ್ಕೆ ಐದು ನಿಮಿಷದ ಬೆಲೆ ಇಟ್ಟ ಕಾಯಿದೆಯೇ ಅಂಥವನಿಗೊಂದು ಉದ್ಯೋಗವನ್ನು ಸೃಷ್ಟಿಸಿತು. ಉದ್ಯೋಗವಿದ್ದ ಮೇಲೆ ಅರ್ಜಿ ಹಾಕುವವರು ಬಂದೇ ಬರುವರು.

ಕಾಲವೇ ಇದನ್ನು ಸರಿಪಡಿಸುತ್ತಿದೆ, ಕಾಯಿದೆ ಏಕೆ ಎನ್ನುವವರೂ ಇದ್ದಾರೆ. 2008-09ರ ಋತುವಿನಲ್ಲಿ ಏಳುನೂರಕ್ಕೂ ಹೆಚ್ಚು ಗುದ್ದಾಟಗಳಾಗಿದ್ದರೆ ಹತ್ತು ವರ್ಷಗಳ ಅನಂತರ ಅದರ ಅರ್ಧದಷ್ಟೂ ಇರಲಿಲ್ಲ. ಆಟದ ವೇಗ ಹೆಚ್ಚಿ, ಬರಿಯ ತೋಳ್ಬಲದವನಿಗೆ ಜಾಗ ಕೊಡುವುದು ತಂಡಗಳಿಗೆ ಕಟ್ಟುವುದಿಲ್ಲ. ಸಂತೋಷ. ಆದರೆ 2024ರ ಏಪ್ರಿಲ್ 3ರಂದು ನ್ಯೂಯಾರ್ಕಿನಲ್ಲಿ ಆಟ ಆರಂಭವಾದ ಕೂಡಲೇ ಕಣದಲ್ಲಿದ್ದ ಹತ್ತು ಮಂದಿಯೂ ಜೋಡಿ ಜೋಡಿಯಾಗಿ ಹೊಡೆದಾಡಿದರು. ಮಾಂಟ್ರಿಯಲ್ಲಿನ ಆ ಒಂಬತ್ತು ಸೆಕೆಂಡುಗಳೂ ಕ್ಷಣದ ಕೋಪವಲ್ಲ. ಅಮೆರಿಕದ ಆ ಮೂವರು ಮೊದಲೇ ಮಾತಾಡಿಕೊಂಡು ಬಂದಿದ್ದರು. ಬಾಗಿಲು ತೆರೆದಿರುವ ತನಕ ಯಾರಾದರೂ ಒಳಗೆ ಬರುವರು.

ಮುಚ್ಚುವುದು ಕಷ್ಟವೂ ಅಲ್ಲ. ಒಲಿಂಪಿಕ್ ಪಂದ್ಯಗಳಲ್ಲಿ ಗುದ್ದಾಡಿದವನನ್ನು ಆಟದಿಂದಲೇ ಹೊರಹಾಕುವರು. ಅಮೆರಿಕದ ಕಾಲೇಜುಗಳಲ್ಲೂ ಹಾಗೆಯೇ. ಕ್ವಿಬೆಕ್ ಪ್ರಾಂತ್ಯದ ಕಿರಿಯರ ದೊಡ್ಡ ಲೀಗು 2023ರಲ್ಲಿ ಇದೇ ಕ್ರಮವನ್ನು ಅನುಸರಿಸಿತು. ಲೀಗಿನ ಈ ಆಟಗಾರರೇ 1998ರಿಂದ 2014ರ ವರೆಗೆ ಐದು ಒಲಿಂಪಿಕ್‌ಗಳಲ್ಲಿ ಆಡಿದರು. ಅಲ್ಲಿ ಅವರ ಕೈಗವಸುಗಳು ಕೈಯಲ್ಲೇ ಇದ್ದವು. ಕೋಲುಗಳು ಯಾರ ತಲೆಯ ಮೇಲೂ ಮಳೆಗರೆಯಲಿಲ್ಲ. ಐದು ನಿಮಿಷದ ಬದಲು ಆ ದಿನದ ಆಟವೇ ಮುಗಿಯಿತು ಎನ್ನಲಿ. ತಂಡವೂ ಒಬ್ಬನಿಲ್ಲದೆ ಆಡಲಿ. ನನಗೆ ಬೇಕಾದದ್ದು ಇಷ್ಟೇ.

ಅಂದು ಸಂಜೆ ಅಕ್ಕ ಅಡಿಗೆಮನೆಯಲ್ಲಿ ನನ್ನೊಡನೆ, "ಇವನನ್ನ ಮುಂದಕ್ಕೆ ಆಡೋಕೆ ಬಿಡಲೋ ಬೇಡವೋ ತಿಳೀತಿಲ್ಲ ಕಣೋ. ಬಿಡಿಸಿದರೆ ಅಳ್ತಾನೆ, ಬಿಟ್ಟರೆ ನನಗೆ ನಿದ್ದೆ ಬರೋಲ್ಲ" ಎಂದಳು. ನಾನು ಹೊರಗೆ ಬಂದು ಹುಡುಗನನ್ನು ಕೇಳಿದೆ:

"ನಿಮ್ಮ ಆಟದಲ್ಲೂ ಹೀಗೆ ಗುದ್ದಾಡ್ತೀರೇನಪ್ಪ?"

"ಇಲ್ಲ ಮಾವ, ನಾವು ಗುದ್ದಿದರೆ ಆಟದಿಂದ ಹೊರಗೆ ಹಾಕಿಬಿಡ್ತಾರೆ."

"ದೊಡ್ಡವರನ್ನ?"

"ದೊಡ್ಡವರಿಗೆ ಐದು ನಿಮಿಷ."

"ಅದು ಹ್ಯಾಗೋ ಮಗು, ದೊಡ್ಡವರಿಗೆ ಕಡಿಮೆ?" ಎಂದರು ನಮ್ಮ ತಾಯಿ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಫೋನಿನಲ್ಲಿ ಬೇರೇನನ್ನೋ ಹುಡುಕಿ, "ಇದನ್ನ ನೋಡಿ ಅಜ್ಜಿ, ಇದು ಫೈನಲ್. ಇದರಲ್ಲಿ ಫೈಟ್ ಇಲ್ಲ" ಎಂದ. ಮಾಂಟ್ರಿಯಲ್ಲಿನ ಪಂದ್ಯಕ್ಕೆ ಐದು ದಿನಗಳ ತರುವಾಯ, ಫೆಬ್ರವರಿ 20ರಂದು, ಅದೇ ಎರಡು ತಂಡಗಳು ಬಾಸ್ಟನ್ನಿನಲ್ಲಿ ಆಡಿದ ಪಂದ್ಯ. ಆ ಕಚಕ್ ಸಹೋದರರಿಬ್ಬರೂ ಇದ್ದರು. ಅಮೆರಿಕದಲ್ಲೇ 90 ಲಕ್ಷಕ್ಕೂ ಹೆಚ್ಚು ಜನ ಅದನ್ನು ಮನೆಯಲ್ಲಿ ಕುಳಿತು ನೋಡಿದರಂತೆ. ಹಿಂದಿನ ಗುದ್ದಾಟದ ಸುದ್ದಿಯೇ ಅಷ್ಟು ಜನರನ್ನು ಎಳೆದು ತಂದಿತೆಂದು ಎದುರುವಾದಿಗಳು ಹೇಳುವರು, ನಾನು ಅಲ್ಲಗಳೆಯಲಾರೆ. ನಿಗದಿಯಾದ ಕಾಲ ಮುಗಿದಾಗ ಎರಡು ಗೋಲು, ಎರಡು ಗೋಲು. ಹೆಚ್ಚಿನ ಕಾಲದಲ್ಲಿ ಕಾನರ್ ಮೆಕ್‌ಡೇವಿಡ್ ಬಿಲ್ಲೆಯನ್ನು ಹೊಡೆದದ್ದೂ ಬಲೆ ನಡುಗಿದ್ದೂ ಒಂದೇ ಗಳಿಗೆಯಲ್ಲಿ ಆಗಿಹೋಯಿತು.

ತಾಯಿ ಹೂವನ್ನು ಮರೆತು ಕೊನೆಯವರೆಗೂ ನೋಡಿದರು.

"ಗೆದ್ದವರು ನಿಮ್ಮವರೇನೋ?"

"ಹೌದು ಅಜ್ಜಿ."

"ಇನ್ನೊಂದು ಸಲ ಹಾಕು" ಎಂದರು.